ಡಿಸ್ಕಿನಲ್ಲಿ ಗೋಡೆ ಎಲ್ಲಿ ಹಾಕಬೇಕು? ಯುನಿಕ್ಸ್ ಸರ್ವರಿಗೆ ಪಾರ್ಟಿಶನ್ ಅಳತೆ ಮಾಡುವ ಬಗೆ

ಶನಿವಾರ ರಾತ್ರಿ ಎಂಟೂವರೆಗೆ ಮಾಟುಂಗಾದಿಂದ ಶೆಟ್ರ ಫೋನ್ ಬಂತು. "ಬಿಲ್ ಬರ್ತಾ ಇಲ್ಲ ಮಾರಾಯ್ರೇ. ಹೊರಗೆ ಇಷ್ಟುದ್ದ ಲೈನ್ ಉಂಟು, ಹುಡುಗರು ಕೈಯಲ್ಲಿ ಬರೀತಾ ಇದ್ದಾರೆ."

ಅವರ ಮೂರು ಹೋಟೆಲುಗಳ ಬಿಲ್ಲಿಂಗ್ ನಡೆಯುವುದು ಒಂದೇ ಲಿನಕ್ಸ್ (ಯುನಿಕ್ಸ್ ಬಳಗದ್ದು) ಸರ್ವರಿನಲ್ಲಿ. ಅದನ್ನು ಕಟ್ಟಿಕೊಟ್ಟವನು ನಾನೇ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದೆ ಬರುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು. ಕ್ಯಾಶ್ ಕೌಂಟರಿನ ಹಿಂದಿನ ಸಣ್ಣ ಕೋಣೆಯಲ್ಲಿ ಕೂತು ನೋಡಿದರೆ ಡಿಸ್ಕ್ ಭರ್ತಿ. 240 ಜಿಬಿಯ ಎಸ್‌ಎಸ್‌ಡಿ, ಒಂದೇ ಪಾರ್ಟಿಶನ್, ಅಂದರೆ ಡಿಸ್ಕನ್ನು ಪಾಲು ಮಾಡದೆ ಇಡಿಯಾಗಿ ಬಿಟ್ಟದ್ದು. ಜಾಗ ಇಲ್ಲದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಲಗಿಬಿಟ್ಟಿತ್ತು.

ವಿಚಿತ್ರ ಏನೆಂದರೆ, ಡಿಸ್ಕಿನ ಒಟ್ಟು ಬಳಕೆ ಹೇಳುವ ಡಿಎಫ್ ಕಮಾಂಡ್ 210 ಜಿಬಿ ಬಳಕೆಯಾಗಿದೆ ಅನ್ನುತ್ತಿತ್ತು. ಫೋಲ್ಡರ್‌ಗಳನ್ನು ಒಂದೊಂದಾಗಿ ಕೂಡಿಸುವ ಡಿಯು ಬರೀ 85 ಜಿಬಿ ಅನ್ನುತ್ತಿತ್ತು. ಉಳಿದ 125 ಜಿಬಿ ಎಲ್ಲಿ ಹೋಯ್ತು?

ಕಥೆ ಹೀಗೆ. ರಾತ್ರಿ ಬ್ಯಾಕಪ್‌ಗೆಂದು ಯುಎಸ್‌ಬಿ ಡಿಸ್ಕ್ ಒಂದನ್ನು /ಬ್ಯಾಕಪ್ ಎಂಬ ಫೋಲ್ಡರಿನಲ್ಲಿ ಮೌಂಟ್ ಮಾಡಿಟ್ಟಿದ್ದೆ, ಅಂದರೆ ಆ ಫೋಲ್ಡರ್ ತೆರೆದರೆ ಆ ಡಿಸ್ಕ್ ಸಿಗುವಂತೆ ಜೋಡಿಸಿದ್ದೆ. ಗುಡಿಸುವಾಗಲೋ ಮೊಬೈಲ್ ಚಾರ್ಜ್‌ಗೆ ಹಾಕುವಾಗಲೋ ಯಾರೋ ಅದರ ವೈರ್ ಕಿತ್ತಿದ್ದರು. ಫೋಲ್ಡರ್ ಮಾತ್ರ ಹಾಗೇ ಇತ್ತಲ್ಲ, ನನ್ನ ಸ್ಕ್ರಿಪ್ಟ್ ಏನೂ ಕೇಳದೆ ಅದರೊಳಗೇ ಬರೆಯಿತು. ಅಂದರೆ ಸರ್ವರಿನ ಸ್ವಂತ ಡಿಸ್ಕಿಗೇ. ರಾತ್ರಿಗೆ 14 ಜಿಬಿಯಂತೆ ಒಂಬತ್ತು ರಾತ್ರಿ. ಆಮೇಲೆ ಯಾರೋ ವೈರ್ ಮತ್ತೆ ಚುಚ್ಚಿದರು, ಒಂದು ಸಲ ಕರೆಂಟ್ ಹೋಗಿ ಮೆಷಿನ್ ರೀಬೂಟ್ ಆಯಿತು, ಯುಎಸ್‌ಬಿ ಡಿಸ್ಕ್ ಅದೇ ಫೋಲ್ಡರಿನ ಮೇಲೆ ಬಂದು ಕೂತಿತು. ಕೆಳಗಿದ್ದ 126 ಜಿಬಿ ಚಾಪೆಯಡಿಯ ಕಸದ ಹಾಗೆ ಮರೆಯಾಯಿತು. ಡಿಯುಗೆ ಕಾಣದು, ಜಾಗ ಮಾತ್ರ ತಿನ್ನುತ್ತಲೇ ಇರುತ್ತದೆ. 'ಮೌಂಟ್ --ಬೈಂಡ್ / /ಎಂಎನ್‌ಟಿ' ಎಂದು ರೂಟನ್ನು ಇನ್ನೊಂದು ಕಡೆ ತೆರೆದು ನೋಡಿದಾಗ ಒಂಬತ್ತೂ ಫೈಲು ಸಾಲಾಗಿ ಕೂತಿದ್ದವು.

ವೈರ್ ಕಿತ್ತವರನ್ನು ಶೆಟ್ರು ಬೈದರು. ತಪ್ಪು ನಿಜವಾಗಿ ನನ್ನದು. ಒಂದೇ ಹಾಲಿನಲ್ಲಿ ಅಡುಗೆ, ಮಲಗುವುದು, ಗೋದಾಮು ಎಲ್ಲ ಇಟ್ಟಿದ್ದೆ. ಆಮೇಲೆ ಹೊಸ ಮೆಷಿನ್ ಹಾಕುವಾಗ ಸರಿಯಾಗಿ ಗೋಡೆ ಹಾಕಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಇನ್ನೊಂದು ಮಾತು: 'ರೂಟ್' ಅಂದರೆ ಎರಡು ಅರ್ಥ. ಒಂದು, ಎಲ್ಲ ಫೋಲ್ಡರ್‌ಗಳ ಬುಡವಾದ '/'. ಇನ್ನೊಂದು, ಮೆಷಿನ್ನಿನ ಯಜಮಾನ ಬಳಕೆದಾರ. ಎರಡನೆಯದನ್ನು ನಾನು 'ರೂಟ್ ಯೂಸರ್' ಅನ್ನುತ್ತೇನೆ.

ಗೋಡೆ ಯಾಕೆ ಬೇಕು

ಜಾಗ ಉಳಿಸಲು ಅಲ್ಲ. ಗೋಡೆ ಹಾಕಿದರೆ ಜಾಗ ಸ್ವಲ್ಪ ಹಾಳೇ ಆಗುತ್ತದೆ. ಒಂದು ಕಡೆ ತುಂಬಿ ಹರಿದರೆ ಇನ್ನೊಂದು ಕಡೆ ಒದ್ದೆಯಾಗಬಾರದು, ಅಷ್ಟಕ್ಕೆ ಗೋಡೆ. ಪ್ರೋಗ್ರಾಮುಗಳು ತಮ್ಮ ಆಗುಹೋಗು ಬರೆದಿಡುವ ಲಾಗ್ ಹುಚ್ಚಾಪಟ್ಟೆ ಬೆಳೆದರೆ ಲಾಗ್ ಬರೆಯುವುದು ಮಾತ್ರ ನಿಲ್ಲಲಿ, ಬಿಲ್ ನಿಲ್ಲಬಾರದು. ಯಾರೋ ಹೋಮ್ ಫೋಲ್ಡರಿಗೆ ಮದುವೆ ವಿಡಿಯೋ ತುಂಬಿದರೆ ಅವರಿಗೆ ಮಾತ್ರ ತೊಂದರೆಯಾಗಲಿ.

ಯುನಿಕ್ಸಿನಲ್ಲಿ ಈ ಪಾಲು ಮಾಡುವುದು ಮೊದಲಿನಿಂದಲೂ ಇದೆ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸಿನ ಪಿಡಿಪಿ-11 ಮೆಷಿನ್ನಿನ ಡಿಸ್ಕ್‌ಗಳಲ್ಲಿ ಹಿಡಿಯುತ್ತಿದ್ದದ್ದು ಕೆಲವೇ ಮೆಗಾಬೈಟ್. ಮೊದಲ ಡಿಸ್ಕ್ ತುಂಬಿದಾಗ ಸಿಸ್ಟಮ್ಮಿನ ಒಂದಷ್ಟು ಪ್ರೋಗ್ರಾಮುಗಳನ್ನು ಬಳಕೆದಾರರ ಫೈಲುಗಳಿದ್ದ ಎರಡನೇ ಡಿಸ್ಕಿಗೆ ಸಾಗಿಸಿದರು. /ಯುಎಸ್‌ಆರ್ ಎಂಬ ಹೆಸರು ಅಲ್ಲಿಂದ ಬಂದದ್ದು. ಹಳೇ ಪುಸ್ತಕಗಳು /ಯುಎಸ್‌ಆರ್‌ಗೆ ಬೇರೆ ಪಾರ್ಟಿಶನ್ ಕೊಡಿ ಅನ್ನುತ್ತವೆ. ಈಗ ಬೇಡ. ಇವತ್ತಿನ ಡೆಬಿಯನ್, ಫೆಡೋರಾದಂಥ ಲಿನಕ್ಸ್‌ಗಳಲ್ಲಿ /ಬಿನ್ ಎನ್ನುವುದೇ /ಯುಎಸ್‌ಆರ್/ಬಿನ್‌ಗೆ ತೋರುವ ಒಂದು ಲಿಂಕ್. ಅದನ್ನು ರೂಟಿನಿಂದ ಬೇರ್ಪಡಿಸಿ ಸುಮ್ನೆ ತಲೆನೋವು ತಂದುಕೊಳ್ಳಬೇಡಿ. /ಇಟಿಸಿಯನ್ನಂತೂ ಎಂದೂ ಬೇರ್ಪಡಿಸಬಾರದು. ಯಾವ ಪಾರ್ಟಿಶನ್ ಎಲ್ಲಿ ಕೂರಬೇಕು ಎಂಬ ಪಟ್ಟಿಯೇ ಅದರೊಳಗಿದೆ.

ಹಂತ 1: ಮೊದಲು ಅಳೆಯಿರಿ

ಹೊಸ ಡಿಸ್ಕ್ ಕೈಗೆ ಬಂದ ಕೂಡಲೇ ಇನ್‌ಸ್ಟಾಲ್‌ಗೆ ಕೂರಬೇಡಿ. ಹಳೇ ಮೆಷಿನ್ ಇದ್ದರೆ ಅದನ್ನು ಕೇಳಿ. 'ಡಿಯು -ಎಕ್ಸ್ -ಎಚ್ --ಮ್ಯಾಕ್ಸ್-ಡೆಪ್ತ್=2 /' ಎಂದರೆ ಎಲ್ಲೆಲ್ಲಿ ಎಷ್ಟು ಎಂದು ಹೇಳುತ್ತದೆ. '-ಎಕ್ಸ್' ಮರೆಯಬೇಡಿ, ಅದಿದ್ದರೆ ಬೇರೆ ಡಿಸ್ಕ್‌ಗಳಿಗೆ ಕಾಲಿಡುವುದಿಲ್ಲ. ಶೆಟ್ರ ಹಳೇ ಮೆಷಿನ್ನಿನ 85 ಜಿಬಿಯಲ್ಲಿ 40 ಜಿಬಿ ಬಿಲ್ಲಿಂಗ್ ಪ್ರೋಗ್ರಾಮಿನ ಡಿಬಗ್ ಲಾಗ್! ಟೆಸ್ಟ್ ಮಾಡುವಾಗ ಆನ್ ಮಾಡಿದ್ದು, ಆಫ್ ಮಾಡಲು ಎಲ್ಲರೂ ಮರೆತಿದ್ದೆವು.

ಇವತ್ತು ಎಷ್ಟಿದೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಬೆಳೆಯುತ್ತದೆ ಅನ್ನುವುದು ಮುಖ್ಯ. ಲೆಕ್ಕ ಹೀಗೆ ಹಾಕಿದೆ. ಮೂರೂ ಹೋಟೆಲು ಸೇರಿ ದಿನಕ್ಕೆ 2,500 ಬಿಲ್. ಒಂದು ಬಿಲ್ ಡೇಟಾಬೇಸಿನಲ್ಲಿ ಇಂಡೆಕ್ಸ್ ಸಮೇತ ಸುಮಾರು 8 ಕೆಬಿ. ದಿನಕ್ಕೆ 20 ಎಂಬಿ, ವರ್ಷಕ್ಕೆ 7.3 ಜಿಬಿ. ತರಕಾರಿ, ಹಾಲು, ದಿನಸಿ ಕೊಡುವವರ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿಡುತ್ತಾರೆ. ದಿನಕ್ಕೆ 60, ಒಂದಕ್ಕೆ 500 ಕೆಬಿ. ಅಂದರೆ ದಿನಕ್ಕೆ 30 ಎಂಬಿ, ವರ್ಷಕ್ಕೆ 11 ಜಿಬಿ.

ಎಷ್ಟು ವರ್ಷದ್ದು ಇಟ್ಟುಕೊಳ್ಳಬೇಕು? ಇದು ನಮ್ಮ ಇಷ್ಟ ಅಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಆ ಕೊನೆಯ ದಿನ ಮಾಮೂಲಾಗಿ ಹಣಕಾಸು ವರ್ಷ ಮುಗಿದ ಮೇಲಿನ ಡಿಸೆಂಬರ್ 31. ಹಾಗಾಗಿ ಏಪ್ರಿಲ್‌ನ ಒಂದು ಬಿಲ್ ಲೆಕ್ಕ ಹಾಕಿದರೆ ಏಳು ವರ್ಷ ಒಂಬತ್ತು ತಿಂಗಳು ಬದುಕಿರಬೇಕು. ಎಂಟು ವರ್ಷ ಎಂದಿಟ್ಟುಕೊಳ್ಳಿ: ಡೇಟಾಬೇಸ್ 58 ಜಿಬಿ, ಸ್ಕ್ಯಾನ್ 88 ಜಿಬಿ. ಡಿಸ್ಕ್ ಖರೀದಿಗೆ ಈ ಅಂಕಿ ಸಾಕು. ಆದರೆ ಪಾರ್ಟಿಶನ್‌ಗೆ ಮೊದಲ ದಿನವೇ ಇಷ್ಟು ಕೊಡುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಲ್ಯಾಮಿಂಗ್ಟನ್ ರೋಡಿನಿಂದ 1 ಟಿಬಿಯ ಎರಡು ಎಸ್‌ಎಸ್‌ಡಿ ತಂದೆವು. ಡಬ್ಬದ ಮೇಲಿನ 1 ಟಿಬಿ ಮೆಷಿನ್ನಿನಲ್ಲಿ 931 ಎಂದು ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದ್ದಲ್ಲ. ಅವರು 1000ದ ಲೆಕ್ಕ, ಸಿಸ್ಟಮ್ 1024ರ ಲೆಕ್ಕ. ಇಲ್ಲಿಂದ ಮುಂದೆ ನಾನು ಹೇಳುವ ಜಿಬಿ ಎಲ್ಲ ಸಿಸ್ಟಮ್ಮಿನ ಲೆಕ್ಕದ್ದು.

ಹಂತ 2: ಬುಡದ ಪಾಲು

ಪಾರ್ಟಿಶನ್ ಟೇಬಲ್, ಅಂದರೆ ಡಿಸ್ಕಿನ ಯಾವ ಪಾಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿ, ಜಿಪಿಟಿ ಬಗೆಯದು ಇರಲಿ. ಹಳೇ ಎಂಬಿಆರ್‌ನಲ್ಲಿ ಪ್ರೈಮರಿ ಪಾರ್ಟಿಶನ್ ನಾಲ್ಕೇ, ಮಾಮೂಲಿ ಡಿಸ್ಕಿನಲ್ಲಿ 2 ಟಿಬಿ ದಾಟುವಂತಿಲ್ಲ. ಜಿಪಿಟಿಯಲ್ಲಿ ಮಾಮೂಲಾಗಿ 128 ಪಾರ್ಟಿಶನ್ ಮಾಡಬಹುದು. ಪಾರ್ಟಿಶನ್ ಶುರುವಾಗುವ ಜಾಗ 1 ಎಂಬಿಯ ಗಡಿಯಲ್ಲಿ ಬಂದರೆ ಎಸ್‌ಎಸ್‌ಡಿಗೆ ಒಳ್ಳೆಯದು. ಈಗಿನ ಟೂಲ್‌ಗಳು ತಾವಾಗಿಯೇ ಹಾಗೆ ಮಾಡುತ್ತವೆ.

ಎರಡೂ ಡಿಸ್ಕಿನಲ್ಲಿ ಒಂದೇ ಥರ ಮೂರು ಪಾರ್ಟಿಶನ್ ಮಾಡಿದೆ. ಮೊದಲನೆಯದು ಇಎಫ್‌ಐ ಪಾರ್ಟಿಶನ್, 1 ಜಿಬಿ, ಫ್ಯಾಟ್32; ಮೆಷಿನ್ ಏಳುವಾಗ ಮೊದಲು ಓದುವುದು ಇದನ್ನೇ. ಎರಡನೆಯದು /ಬೂಟ್, 2 ಜಿಬಿ. ಮೂರನೆಯದು ಉಳಿದದ್ದೆಲ್ಲ.

/ಬೂಟ್‌ಗೆ ಜಿಪುಣತನ ಮಾಡಬೇಡಿ. ಹಿಂದೆ 200 ಎಂಬಿ ಕೊಡುತ್ತಿದ್ದರು. ಈಗ ಒಂದೊಂದು ಕರ್ನಲ್ (ಸಿಸ್ಟಮ್ಮಿನ ತಿರುಳು) ಮತ್ತು ಅದರ ಜೊತೆಯ ಇನಿಟ್‌ರಾಮ್ ಫೈಲು ಸೇರಿ 100 ಎಂಬಿ ದಾಟುವುದು ಮಾಮೂಲು, ಅಪ್‌ಡೇಟ್ ಆದಾಗ ಹಳೆಯದೂ ಉಳಿದಿರುತ್ತದೆ. /ಬೂಟ್ ತುಂಬಿದರೆ ಹೊಸ ಕರ್ನಲ್ ಅರ್ಧಕ್ಕೆ ನಿಲ್ಲುತ್ತದೆ, ಅದು ಗೊತ್ತಾಗುವುದು ಮುಂದಿನ ರೀಬೂಟಿನಲ್ಲಿ. ಹೆಚ್ಚಿನ ಸಲ ರಾತ್ರಿ ಹೊತ್ತಿನಲ್ಲೇ.

ಎರಡನೇ ಹಾಗೂ ಮೂರನೇ ಪಾರ್ಟಿಶನ್‌ಗಳನ್ನು ರೇಡ್ 1 ಮಾಡಿ ಜೋಡಿಸಿದೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಇಎಫ್‌ಐ ಪಾರ್ಟಿಶನ್ನನ್ನು ಎರಡು ಡಿಸ್ಕಿನಲ್ಲೂ ಬೇರೆ ಬೇರೆಯಾಗಿಯೇ ಇಟ್ಟು, ಮೊದಲನೆಯದರ ಫೈಲುಗಳನ್ನು ಎರಡನೆಯದಕ್ಕೆ ಕಾಪಿ ಮಾಡಿದೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಡೇಟಾ ಎರಡು ಕಡೆ ಇರುತ್ತದೆ, ಬೂಟ್ ಮಾಡುವ ಫೈಲು ಒಂದೇ ಕಡೆ. ಆ ಡಿಸ್ಕ್ ಸತ್ತರೆ ಡೇಟಾ ಭದ್ರ, ಮೆಷಿನ್ ಮಾತ್ರ ಏಳುವುದಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಒಂದು ಡಿಸ್ಕಿನ ವೈರ್ ತೆಗೆದು ಬೂಟ್ ಮಾಡಿ ನೋಡಿ, ಆಮೇಲೆ ಇನ್ನೊಂದರದ್ದು. ನಡುವೆ ಎರಡೂ ಡಿಸ್ಕ್ ಮತ್ತೆ ಸಮ ಆಗುವ ತನಕ ಕಾಯಬೇಕು, ಅವಸರ ಮಾಡಬೇಡಿ.

ರೇಡ್ ಇದೆ ಎಂದು ಬ್ಯಾಕಪ್ ಬಿಡಬೇಡಿ. ಫೈಲ್ ಅಳಿಸಿದರೆ ರೇಡ್ ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತದೆ.

ಹಂತ 3: ಸರಿಸಬಹುದಾದ ಗೋಡೆ

ಮೂರನೇ ಪಾಲಿನ 928 ಜಿಬಿ ಸುಮಾರಿನ ಜಾಗವನ್ನು ನೇರವಾಗಿ ಕತ್ತರಿಸಲಿಲ್ಲ. ಅದರ ಮೇಲೆ ಎಲ್‌ವಿಎಂ ಹಾಕಿದೆ. ಸಾದಾ ಪಾರ್ಟಿಶನ್ ಇಟ್ಟಿಗೆ ಗೋಡೆ. ಪಕ್ಕದ ಕೋಣೆ ಖಾಲಿ ಇದ್ದರೂ ನಿಮ್ಮ ಕೋಣೆ ಉದ್ದ ಆಗುವುದಿಲ್ಲ. ಎಲ್‌ವಿಎಂ ಪ್ಲೈವುಡ್ ಪಾರ್ಟಿಶನ್ ಇದ್ದ ಹಾಗೆ, ಮೆಷಿನ್ ನಡೆಯುತ್ತಿರುವಾಗಲೇ ಸರಿಸಬಹುದು.

ಕೆಲಸ ಮೂರು ಕಮಾಂಡ್. 'ಪಿವಿಕ್ರಿಯೇಟ್' ಡಿಸ್ಕನ್ನು ಎಲ್‌ವಿಎಂಗೆ ಒಪ್ಪಿಸುತ್ತದೆ. 'ವಿಜಿಕ್ರಿಯೇಟ್' ಅದನ್ನೊಂದು ದೊಡ್ಡ ಕೊಪ್ಪರಿಗೆ ಮಾಡುತ್ತದೆ. 'ಎಲ್‌ವಿಕ್ರಿಯೇಟ್' ಆ ಕೊಪ್ಪರಿಗೆಯಿಂದ ಬೇಕಾದಷ್ಟು ಬಡಿಸುತ್ತದೆ. ಮುಂದೆ ಕಡಿಮೆ ಬಿದ್ದರೆ 'ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +10ಜಿ' ಎಂದು ಪಾಲಿನ ಹೆಸರು ಕೊಟ್ಟರಾಯಿತು. '-ಆರ್' ಹಾಕಿದರೆ ಪಾಲಿನ ಜೊತೆ ಅದರೊಳಗಿನ ಫೈಲ್ ಸಿಸ್ಟಮ್ಮೂ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬೆಳೆಯುತ್ತದೆ. ಆರ್ ಚಿಕ್ಕಕ್ಷರ, ಎಲ್ ದೊಡ್ಡಕ್ಷರ. ಚಿಕ್ಕ ಎಲ್ ಹಾಕಿದರೆ ಲೆಕ್ಕ ಜಿಬಿಯಲ್ಲಿ ಅಲ್ಲ, ಎಲ್‌ವಿಎಂನ ಸ್ವಂತ ತುಂಡುಗಳಲ್ಲಿ ಆಗುತ್ತದೆ.

ಬೆಳೆಸುವುದು ಒಂದು ನಿಮಿಷದ ಕೆಲಸ. ಕುಗ್ಗಿಸುವುದು ಹಾಗಲ್ಲ, ಅದು ಫೈಲ್ ಸಿಸ್ಟಮ್ಮಿನ ಬಗೆಯ ಮೇಲೆ ನಿಂತಿದೆ. ಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಿ, ಚೆಕ್ ಮಾಡಿ, ಆಮೇಲೆ ಕುಗ್ಗಿಸಬೇಕು. ಎಕ್ಸ್‌ಎಫ್‌ಎಸ್ ಆದರೆ ಕುಗ್ಗಿಸುವ ಆಸೆಯನ್ನೇ ಬಿಡಬೇಕು. ಬ್ಯಾಕಪ್ ತೆಗೆದು, ಅಳಿಸಿ, ಮತ್ತೆ ಕಟ್ಟುವುದೊಂದೇ ದಾರಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಇವತ್ತಿಗೆ ಮತ್ತು ಇನ್ನೆರಡು ವರ್ಷಕ್ಕೆ ಸಾಕಾಗುವಷ್ಟು ಮಾತ್ರ ಕೊಡಿ, ಉಳಿದದ್ದನ್ನು ಕೊಪ್ಪರಿಗೆಯಲ್ಲೇ ಬಿಡಿ. ನಿಮ್ಮ ಅಂದಾಜು ಹೇಗೂ ತಪ್ಪುತ್ತದೆ. ಕಮ್ಮಿ ಕೊಟ್ಟು ತಪ್ಪಿದರೆ ಒಂದು ಕಮಾಂಡ್, ಜಾಸ್ತಿ ಕೊಟ್ಟು ತಪ್ಪಿದರೆ ಒಂದು ರಾತ್ರಿ.

ಹಂತ 4: ಯಾರಿಗೆ ಎಷ್ಟು

ರೂಟ್ 40 ಜಿಬಿ. ಡೆಸ್ಕ್‌ಟಾಪ್ ಇಲ್ಲದ ಸರ್ವರಿಗೆ 10 ಜಿಬಿಯೂ ತುಂಬುವುದಿಲ್ಲ, ಆದರೆ ಐದು ವರ್ಷದಲ್ಲಿ ಎರಡು ಸಲ ಹೊಸ ಆವೃತ್ತಿಗೆ ಹೋಗುತ್ತೀರಿ. ಆಗ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತವೆ.

/ವಾರ್ 30 ಜಿಬಿ. ಪ್ಯಾಕೇಜ್ ಡೌನ್‌ಲೋಡ್, ಮೇಲ್, ಕ್ಯಾಶ್ ಹೀಗೆ ದಿನವೂ ಬದಲಾಗುವ ಸಾಮಾನೆಲ್ಲ ಇಲ್ಲಿ. ನೀವು ಡಾಕರ್ ಬಳಸುವವರಾದರೆ ಈ ಅಂಕಿ ಮರೆತುಬಿಡಿ. /ವಾರ್/ಲಿಬ್/ಡಾಕರ್‌ಗೆ ಅದರದ್ದೇ ಪಾಲು ಕೊಡಿ. ಹಳೇ ಇಮೇಜುಗಳು ಸದ್ದಿಲ್ಲದೆ ಹತ್ತಾರು ಜಿಬಿ ನುಂಗುತ್ತವೆ.

/ವಾರ್/ಲಾಗ್ 15 ಜಿಬಿ, ಬೇರೆಯಾಗಿ. ಇಡೀ ಮೆಷಿನ್ನಿನಲ್ಲಿ ಒಂದೇ ಗೋಡೆ ಹಾಕಲು ನನಗೆ ಅವಕಾಶ ಕೊಟ್ಟರೆ ಇದನ್ನೇ ಹಾಕುತ್ತೇನೆ. ಬೇರೆ ಎಲ್ಲವೂ ಲೆಕ್ಕಕ್ಕೆ ಸಿಗುವಂತೆ ಬೆಳೆಯುತ್ತವೆ. ಲಾಗ್ ಹಾಗಲ್ಲ. ತಿಂಗಳಾನುಗಟ್ಟಲೆ ಸುಮ್ಮನಿದ್ದು, ಯಾವುದೋ ಪ್ರೋಗ್ರಾಮಿಗೆ ತಲೆ ಕೆಟ್ಟ ದಿನ ಒಂದೇ ತಪ್ಪನ್ನು ಸೆಕೆಂಡಿಗೆ ಸಾವಿರ ಸಲ ಬರೆಯುತ್ತದೆ.

ಡೇಟಾಬೇಸ್, ಅಂದರೆ /ವಾರ್/ಲಿಬ್/ಪೋಸ್ಟ್‌ಗ್ರೆಎಸ್‌ಕ್ಯೂಎಲ್, 50 ಜಿಬಿ. ಈಗಿರುವ ಒಂದು ವರ್ಷದ್ದೂ ಮುಂದಿನ ಎರಡು ವರ್ಷದ್ದೂ ಸೇರಿ 22 ಜಿಬಿ ಆಗುತ್ತದೆ. ಅದರ ಎರಡರಷ್ಟು ಯಾಕೆ? ಒಂದು ದೊಡ್ಡ ಟೇಬಲ್ಲನ್ನು ವ್ಯಾಕ್ಯೂಮ್ ಫುಲ್ ಮಾಡಿದರೆ ಪೋಸ್ಟ್‌ಗ್ರೆಸ್ ಅದರ ಹೊಸ ಪ್ರತಿ ಬರೆದು ಮುಗಿದ ಮೇಲಷ್ಟೇ ಹಳೆಯದನ್ನು ಬಿಡುತ್ತದೆ. ಜೊತೆಗೆ ಅದರ ವಾಲ್ ಫೈಲುಗಳಿವೆ. ಪ್ರತಿ ಬದಲಾವಣೆಯನ್ನೂ ಮೊದಲು ಅಲ್ಲಿ ಬರೆದುಕೊಂಡೇ ಮುಂದೆ ಹೋಗುವುದು. ಆ ಜಾಗ ಮುಗಿದರೆ ಪೋಸ್ಟ್‌ಗ್ರೆಸ್ ಗೊಣಗುವುದಿಲ್ಲ, ನೇರ ಶಟ್‌ಡೌನ್ ಆಗುತ್ತದೆ. ಆ ಶನಿವಾರ ನಾವು ಕಂಡದ್ದು ಅದೇ. ಮೈಎಸ್‌ಕ್ಯೂಎಲ್ ಬಳಸುವವರು ಅದರ ಬದಲಾವಣೆಗಳ ದಾಖಲೆಯಾದ ಬಿನ್‌ಲಾಗ್ ಮೇಲೆ ಕಣ್ಣಿಡಿ. ಎಂಟನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್ ಇರುತ್ತದೆ, ನೀವು ಬದಲಿಸದಿದ್ದರೆ 30 ದಿನದ್ದು ಕೂಡಿಡುತ್ತದೆ.

ಸ್ಕ್ಯಾನ್ ಫೈಲುಗಳಿಗೆ /ಎಸ್‌ಆರ್‌ವಿ, 50 ಜಿಬಿ. ಡೇಟಾಬೇಸಿನ ರಾತ್ರಿ ಪ್ರತಿಗಳಿಗೆ, ಯುಎಸ್‌ಬಿ ಡಿಸ್ಕ್ ಅಲ್ಲದೆ ಇಲ್ಲೂ, 40 ಜಿಬಿ, ಏಳು ರಾತ್ರಿಯವು ಮಾತ್ರ ಉಳಿಯುತ್ತವೆ, ಎಂಟನೆಯದು ಬಂದಾಗ ಮೊದಲನೆಯದು ಹೋಗುತ್ತದೆ. /ಹೋಮ್ 20 ಜಿಬಿ ಸಾಕು, ಇಲ್ಲಿ ಲಾಗಿನ್ ಆಗುವುದೇ ಇಬ್ಬರು. ತಾತ್ಕಾಲಿಕ ಫೈಲುಗಳ /ಟೆಂಪ್ (ಟೈಪ್ ಮಾಡುವಾಗ ಟಿ-ಎಂ-ಪಿ) 8 ಜಿಬಿ. ಟೆಂಪನ್ನು ಮೆಮೊರಿಯಲ್ಲೇ ಇಡುವವರೂ ಇದ್ದಾರೆ, ಏನೂ ಹೇಳದಿದ್ದರೆ ಅದು ರಾಮ್‌ನ ಅರ್ಧದ ತನಕ ಹೋಗಬಲ್ಲದು. ಡೇಟಾಬೇಸ್ ಇರುವ ಮೆಷಿನ್ನಿನಲ್ಲಿ ನನಗದು ಇಷ್ಟ ಇಲ್ಲ.

ಸ್ವಾಪ್, ಅಂದರೆ ರಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ. ಇದರ ಬಗ್ಗೆ ಜಗಳ ಜಾಸ್ತಿ. 'ರಾಮ್‌ನ ಎರಡರಷ್ಟು' ಅನ್ನುವುದು ರಾಮ್ ಚಿನ್ನದ ಬೆಲೆಗಿದ್ದ ಕಾಲದ ಮಾತು. ಈಗಲೂ ರಾಮ್ 2 ಜಿಬಿ ಅಥವಾ ಕಡಿಮೆ ಇದ್ದರೆ ಎರಡರಷ್ಟು ಕೊಡಿ, 8 ಜಿಬಿ ತನಕ ಇದ್ದರೆ ರಾಮ್‌ನಷ್ಟೇ. ಅದಕ್ಕೂ ಜಾಸ್ತಿ ಇದ್ದರೆ ಕನಿಷ್ಠ 4 ಜಿಬಿ, ರೆಡ್ ಹ್ಯಾಟ್‌ನವರ ಸಲಹೆಯೂ ಇದೇ. ಈ ಮೆಷಿನ್ನಿನಲ್ಲಿ ರಾಮ್ 16 ಜಿಬಿ, ನಾನು ಕೊಟ್ಟದ್ದು 8. ಲ್ಯಾಪ್‌ಟಾಪನ್ನು ಹೈಬರ್ನೇಟ್ ಮಾಡುವವರ ಲೆಕ್ಕ ಬೇರೆ, ಅಲ್ಲಿ ರಾಮ್‌ಗಿಂತ ಜಾಸ್ತಿಯೇ ಬೇಕು. ಸ್ವಾಪನ್ನೂ ರೇಡ್ ಮೇಲೆಯೇ ಇಡಿ. ಇಲ್ಲದಿದ್ದರೆ ಒಂದು ಡಿಸ್ಕ್ ಸತ್ತಾಗ ಅದರ ಸ್ವಾಪಿನಲ್ಲಿದ್ದ ಪ್ರೋಗ್ರಾಮೂ ಸಾಯುತ್ತದೆ.

ಎಲ್ಲ ಕೂಡಿಸಿದರೆ 261 ಜಿಬಿ. ಉಳಿದ 665 ಜಿಬಿ ಸುಮಾರು ಹಾಗೇ ಬಿಟ್ಟೆ. ಶೆಟ್ರಿಗೆ ಇದನ್ನು ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

"ಮೂರರಲ್ಲಿ ಎರಡು ಪಾಲು ಖಾಲಿ? ಮುಂಬಯಿಯಲ್ಲಿ ಒಂದು ಚದರಡಿ ಖಾಲಿ ಬಿಡ್ತಾರಾ ಮಾರಾಯ್ರೇ? ಇಲ್ಲಿ ಮೆಟ್ಟಿಲ ಕೆಳಗೂ ಪಾನ್ ಅಂಗಡಿ ಉಂಟು!"

"ಶೆಟ್ರೇ, ಗಣೇಶ ಚತುರ್ಥಿಗೆ ಊರಿಂದ ಹತ್ತು ಜನ ಬಂದ್ರೆ ನಿಮ್ಮ ಮನೆಯಲ್ಲಿ ಎಲ್ಲಿ ಮಲಗಿಸ್ತೀರಿ?" ಅಂದೆ.

"ಹಾಲಿನಲ್ಲಿ."

"ಹಾಲಿಗೆ ಸಾಮಾನು ತುಂಬಿಟ್ಟಿದ್ರೆ?"

ಅವರು ಮಾತಾಡಲಿಲ್ಲ, ಹುಡುಗನಿಗೆ ಎರಡು ಕಾಫಿ ಹೇಳಿದರು.

ಖಾಲಿ ಜಾಗದಿಂದ ಇನ್ನೊಂದು ಲಾಭವಿದೆ. ದೊಡ್ಡ ಅಪ್‌ಡೇಟ್ ಮಾಡುವ ಮೊದಲು ರೂಟಿನದೂ /ವಾರ್‌ನದೂ ಸ್ನ್ಯಾಪ್‌ಶಾಟ್ ತೆಗೆಯಬಹುದು. ಕೆಟ್ಟರೆ 'ಎಲ್‌ವಿಕನ್ವರ್ಟ್ --ಮರ್ಜ್' ಎಂದು ಹಿಂದಿನ ಸ್ಥಿತಿಗೆ ತರಬಹುದು. ಕೊಪ್ಪರಿಗೆಯದ್ದೆಲ್ಲ ಮೊದಲೇ ಬಡಿಸಿಬಿಟ್ಟವರಿಗೆ ಈ ಅನುಕೂಲ ಇಲ್ಲ. ಸ್ನ್ಯಾಪ್‌ಶಾಟ್‌ಗೆ ಕೊಟ್ಟ ಜಾಗ ತುಂಬಿದರೆ ಅದು ಕೆಲಸಕ್ಕೆ ಬಾರದಾಗುತ್ತದೆ, ಹಾಗಾಗಿ 10 ಜಿಬಿಯಾದರೂ ಕೊಡಿ, ಎಲ್ಲ ಸರಿ ಇದ್ದರೆ ಒಂದೆರಡು ದಿನದಲ್ಲಿ ಅಳಿಸಿ. /ಬೂಟ್ ಈ ಕೊಪ್ಪರಿಗೆಯ ಹೊರಗಿದೆ ಎನ್ನುವುದು ನೆನಪಿರಲಿ, ಅದು ಹಿಂದಕ್ಕೆ ಹೋಗುವುದಿಲ್ಲ.

ಹಂತ 5: ಫೈಲ್ ಸಿಸ್ಟಮ್, ಐನೋಡ್ ಮತ್ತು ಆ ಐದು ಪರ್ಸೆಂಟ್

ಎಲ್ಲಕ್ಕೂ ಎಕ್ಸ್‌ಟಿ4 ಹಾಕಿದೆ. ಎಕ್ಸ್‌ಎಫ್‌ಎಸ್ ದೊಡ್ಡ ಫೈಲುಗಳಿಗೆ ಗಟ್ಟಿ ಕುದುರೆ, ಆದರೆ ಈ ಗಾತ್ರದಲ್ಲಿ ನನಗೆ ಕುಗ್ಗಿಸುವ ಅವಕಾಶ ಉಳಿಯುವುದೇ ಮುಖ್ಯ. ಎರಡರಲ್ಲೂ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ, ಇದೆ. 2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಕರೆಂಟ್ ಹೋಗಿ ಲೋಕಲ್ ರೈಲುಗಳೇ ನಿಂತವಲ್ಲ, ಅಂಥ ದಿನ ಜರ್ನಲ್ ಇರುವುದರಿಂದ ಫೈಲ್ ಸಿಸ್ಟಮ್ಮಿನ ಒಳಲೆಕ್ಕ ಕೆಡುವುದಿಲ್ಲ. ಅರ್ಧ ಬರೆದ ಫೈಲನ್ನು ಅದು ಪೂರ್ತಿ ಮಾಡಿಕೊಡುವುದಿಲ್ಲ, ಅದಕ್ಕೆ ಯುಪಿಎಸ್ ಬೇಕು.

ಎಕ್ಸ್‌ಟಿ4 ಮಾಡಿದಾಗ ನೂರಕ್ಕೆ ಐದು ಪಾಲು ರೂಟ್ ಯೂಸರ್‌ಗೆಂದು ಎತ್ತಿಟ್ಟಿರುತ್ತದೆ. ಬೇರೆಯವರಿಗೆ ಡಿಸ್ಕ್ ಭರ್ತಿ ಅನಿಸಿದರೂ ರೂಟ್ ಯೂಸರ್‌ಗೆ ಇನ್ನೂ ಸ್ವಲ್ಪ ಇರುತ್ತದೆ. ಆ ಶನಿವಾರ ನಾನು ಲಾಗಿನ್ ಆಗಿ ಏನಾದರೂ ಮಾಡಲು ಆದದ್ದು ಈ ಎತ್ತಿಟ್ಟ ಪಾಲಿನಿಂದ. ರೂಟ್, /ವಾರ್‌ಗಳಲ್ಲಿ ಇದನ್ನು ಮುಟ್ಟಬೇಡಿ. ಬರೀ ಬ್ಯಾಕಪ್ ಇಡುವ 4 ಟಿಬಿ ಡಿಸ್ಕಿನಲ್ಲಿ ಮಾತ್ರ ಐದು ಪರ್ಸೆಂಟ್ ಅಂದರೆ ಸುಮಾರು 186 ಜಿಬಿ ದಂಡ. ಅಲ್ಲಿ 'ಟ್ಯೂನ್2ಎಫ್‌ಎಸ್ -ಎಂ 1' ಎಂದು ಒಂದಕ್ಕೆ ಇಳಿಸಿ. ಇಲ್ಲಿ ಎಂ ಚಿಕ್ಕಕ್ಷರ.

ಇನ್ನು ಐನೋಡ್. ಜಾಗ ಇದೆ, ಆದರೂ 'ಜಾಗ ಇಲ್ಲ' ಅನ್ನುತ್ತದೆ, ಇದನ್ನು ಕಂಡು ಹುಡುಗರು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ. ಪ್ರತಿ ಫೈಲಿಗೂ ಒಂದು ಐನೋಡ್, ಅಂದರೆ ಅದರ ವಿವರ ಇಡುವ ಚೀಟಿ, ಬೇಕು. ಎಕ್ಸ್‌ಟಿ4ರಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ, ಸಾಮಾನ್ಯವಾಗಿ ಪ್ರತಿ 16 ಕೆಬಿಗೆ ಒಂದು. 50 ಜಿಬಿಗೆ ಸುಮಾರು 32 ಲಕ್ಷ ಫೈಲು. ಸ್ಕ್ಯಾನ್‌ಗಳು 500 ಕೆಬಿಯವು, ಚಿಂತೆ ಇಲ್ಲ. 2 ಕೆಬಿಯ ಲಕ್ಷಾಂತರ ಫೈಲು ಇಡುವ ಮೇಲ್ ಸರ್ವರ್ ಆದರೆ ಜಾಗಕ್ಕಿಂತ ಮೊದಲು ಐನೋಡ್ ಮುಗಿಯುತ್ತದೆ. 'ಡಿಎಫ್ -ಐ' ಎಂದರೆ ಗೊತ್ತಾಗುತ್ತದೆ. ಎಕ್ಸ್‌ಎಫ್‌ಎಸ್ ಬೇಕಾದ ಹಾಗೆ ಐನೋಡ್ ಮಾಡಿಕೊಳ್ಳುತ್ತದೆ, ಅಂಥ ಕಡೆ ಅದೇ ಒಳ್ಳೆಯದು.

ಹಂತ 6: ಎಫ್‌ಎಸ್‌ಟ್ಯಾಬ್, ಮತ್ತು ನನ್ನ ತಪ್ಪಿಗೆ ಬೀಗ

/ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡಿ. ವೈರ್ ಬದಲಾದರೆ ಹೆಸರೂ ಬದಲಾಗುತ್ತದೆ. ವೈರ್ ಬದಲಾದರೂ ಬದಲಾಗದ ಗುರುತು ಸಂಖ್ಯೆ, ಅಂದರೆ ಯುಯುಐಡಿ, ಬರೆಯಿರಿ. /ಟೆಂಪ್‌ಗೆ ನೋಸೂಯ್ಡ್ ಮತ್ತು ನೋಡೆವ್ ಹಾಕಿ, ಅಲ್ಲಿಟ್ಟ ಫೈಲಿನಿಂದ ಯಾರೂ ರೂಟ್ ಯೂಸರ್‌ನ ಅಧಿಕಾರ ಪಡೆಯದಂತೆ. ಅಲ್ಲಿನ ಪ್ರೋಗ್ರಾಮ್ ಓಡಿಸಗೊಡದ ನೋಎಕ್ಸೆಕ್ ಕೂಡ ಹಾಕಬಹುದು, ಆದರೆ ಕೆಲವು ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವಾಗ ಟೆಂಪ್‌ನಲ್ಲೇ ಸ್ಕ್ರಿಪ್ಟ್ ಓಡಿಸುತ್ತವೆ, ಅವು ಮುಗ್ಗರಿಸಿದರೆ ಕಾರಣ ಇದೇ ಎಂದು ನೆನಪಿರಲಿ. ಯುಎಸ್‌ಬಿ ಬ್ಯಾಕಪ್ ಡಿಸ್ಕಿಗೆ ನೋಫೇಲ್ ಬೇಕು. ಇಲ್ಲದಿದ್ದರೆ ಅದು ಸಿಗದ ದಿನ ಇಡೀ ಮೆಷಿನ್ ಬೂಟ್ ಆಗದೆ ಎಮರ್ಜೆನ್ಸಿ ಪರದೆಯಲ್ಲಿ ನಿಲ್ಲುತ್ತದೆ.

ಈಗ ಆ ಒಂಬತ್ತು ರಾತ್ರಿಗಳ ವಿಷಯಕ್ಕೆ. ಎರಡು ಬೀಗ ಹಾಕಿದೆ. ಯುಎಸ್‌ಬಿ ಡಿಸ್ಕ್ ಅನ್‌ಮೌಂಟ್ ಮಾಡಿ, ಖಾಲಿ /ಬ್ಯಾಕಪ್ ಫೋಲ್ಡರಿನ ಮೇಲೆ 'ಚ್ಯಾಟರ್ +ಐ /ಬ್ಯಾಕಪ್' ಎಂದು ಕೊಟ್ಟೆ (ಚ್ಯಾಟರ್ ಅನ್ನು ಸಿ-ಎಚ್-ಎ-ಟಿ-ಟಿ-ಆರ್ ಎಂದು ಟೈಪ್ ಮಾಡಿ). ಈಗ ರೂಟ್ ಯೂಸರ್ ಬಂದರೂ ಆ ಖಾಲಿ ಫೋಲ್ಡರಿನಲ್ಲಿ ಫೈಲ್ ಮಾಡಲಾಗದು. ಡಿಸ್ಕ್ ಬಂದು ಮೇಲೆ ಕೂತರೆ ಬರೆಯಬಹುದು, ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ಸೋಲುತ್ತದೆ. ಎರಡನೆಯದು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ 'ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್' ಎಂದು ಕೇಳುವುದು. ಇಲ್ಲ ಅಂದರೆ ನನಗೆ ಮೇಲ್ ಕಳಿಸಿ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್ ಕೂಡ ಇದೇ ಕಾರಣಕ್ಕೆ ಡೇಟಾವನ್ನು ಮೌಂಟ್ ಆಗುವ ಫೋಲ್ಡರಿನಲ್ಲಿ ನೇರವಾಗಿ ಇಡಬೇಡಿ, ಅದರ ಒಳಗಿನ ಇನ್ನೊಂದು ಫೋಲ್ಡರಿನಲ್ಲಿ ಇಡಿ ಅನ್ನುತ್ತದೆ. ಡೆಬಿಯನ್ ಮೊದಲೇ ಹಾಗೆ ಮಾಡಿಕೊಡುತ್ತದೆ. ಪಾಲು ಮೌಂಟ್ ಆಗದಿದ್ದರೆ ಒಳಗಿನ ಫೋಲ್ಡರೇ ಸಿಗುವುದಿಲ್ಲ, ಡೇಟಾಬೇಸ್ ಶುರುವಾಗುವುದಿಲ್ಲ.

ಹಂತ 7: ಗೋಡೆ ಸಾಲದು, ಗಂಟೆಯೂ ಬೇಕು

ಸಿಸ್ಟಮ್ಮಿನ ಲಾಗ್ ಬರೆಯುವ ಜರ್ನಲ್‌ಡಿಗೆ ಮಿತಿ ಹಾಕಿ. ಅದರ ಸೆಟ್ಟಿಂಗ್ ಫೈಲಿನಲ್ಲಿ 'ಸಿಸ್ಟಮ್‌ಮ್ಯಾಕ್ಸ್‌ಯೂಸ್=2ಜಿ' ಎಂದರೆ ಅದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಬೇರೆ ಲಾಗುಗಳನ್ನು ಲಾಗ್‌ರೊಟೇಟ್ ನೋಡಿಕೊಳ್ಳುತ್ತದೆ, ಆದರೆ ಹೊರಗಿನಿಂದ ತಂದು ಹಾಕಿದ ಪ್ರೋಗ್ರಾಮುಗಳ ಲಾಗ್ ಅದಕ್ಕೆ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಇಲ್ಲೊಂದು ತಮಾಷೆ ಇದೆ. ದೊಡ್ಡ ಲಾಗ್ ಫೈಲ್ ಅಳಿಸುತ್ತೀರಿ, ಡಿಎಫ್ ಅಂಕಿ ಒಂಚೂರೂ ಇಳಿಯುವುದಿಲ್ಲ. ಪ್ರೋಗ್ರಾಮ್ ಅದನ್ನು ಇನ್ನೂ ತೆರೆದಿಟ್ಟಿದ್ದರೆ ಯುನಿಕ್ಸ್ ಹೆಸರನ್ನು ಮಾತ್ರ ಅಳಿಸುತ್ತದೆ, ಜಾಗ ಬಿಡುವುದಿಲ್ಲ. 'ಎಲ್‌ಎಸ್‌ಒಎಫ್ +ಎಲ್1' ಅಂಥ ಹೆಸರಿಲ್ಲದ ಫೈಲುಗಳನ್ನು ತೋರಿಸುತ್ತದೆ, ಇಲ್ಲೂ ಎಲ್ ದೊಡ್ಡಕ್ಷರ. ಆ ಪ್ರೋಗ್ರಾಮ್ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್.

ಹತ್ತು ನಿಮಿಷಕ್ಕೊಮ್ಮೆ ಡಿಎಫ್ ನೋಡಿ, ಯಾವುದೇ ಪಾಲು 80 ಪರ್ಸೆಂಟ್ ದಾಟಿದರೆ ಮೇಲ್ ಕಳಿಸುವ ಒಂದು ಸಣ್ಣ ಸ್ಕ್ರಿಪ್ಟನ್ನು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿದೆ. ಐನೋಡನ್ನೂ ಅದೇ ನೋಡುತ್ತದೆ.

ಜೆಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ ಬಳಸುವವರು, ಅಂದರೆ ಯುನಿಕ್ಸ್ ಬಳಗದ್ದೇ ಆದ ಫ್ರೀಬಿಎಸ್‌ಡಿಯವರು ಹೆಚ್ಚಾಗಿ, ಇಷ್ಟು ಹೊತ್ತು ನಗುತ್ತಿರಬಹುದು. ಅಲ್ಲಿ ಪಾಲುಗಳೆಲ್ಲ ಒಂದೇ ಕೊಪ್ಪರಿಗೆಯಿಂದ ಉಣ್ಣುತ್ತವೆ, ಅಳತೆ ಮೊದಲೇ ಹೇಳಬೇಕಿಲ್ಲ. ಆದರೆ ಕೋಟಾ ಹಾಕದೆ ಬಿಟ್ಟರೆ ಲಾಗ್ ಇಡೀ ಕೊಪ್ಪರಿಗೆ ಮುಗಿಸಿಬಿಡಬಹುದು. ಲಾಗಿಗೆ ಕೋಟಾ (ಗರಿಷ್ಠ ಮಿತಿ), ಡೇಟಾಬೇಸಿಗೆ ರಿಸರ್ವೇಶನ್ (ಕಾದಿಟ್ಟ ಜಾಗ), ಇವೆರಡಾದರೂ ಹಾಕಿ. ಕೊಪ್ಪರಿಗೆ 80 ಪರ್ಸೆಂಟ್ ದಾಟದಂತೆ ನೋಡಿಕೊಳ್ಳಿ, ತುಂಬುತ್ತಾ ಹೋದ ಹಾಗೆ ಅದು ನಿಧಾನವಾಗುತ್ತದೆ.

ಹಂತ 8: ಬೇಕೆಂದೇ ತುಂಬಿಸಿ

ಮೆಷಿನ್ ಕೆಲಸಕ್ಕೆ ಬಿಡುವ ಮೊದಲು 'ಎಫ್‌ಅಲೊಕೇಟ್ -ಎಲ್ 14ಜಿ' ಎಂದು ಲಾಗ್ ಪಾಲಿನಲ್ಲಿ ಒಂದು ಸುಳ್ಳು ಫೈಲ್ ಮಾಡಿದೆ, ಈ ಎಲ್ ಮಾತ್ರ ಚಿಕ್ಕಕ್ಷರ. 80 ದಾಟಿತು, ಮೇಲ್ ಬಂತು. ಬಿಲ್ ಹೊಡೆದು ನೋಡಿದೆವು, ಪ್ರಿಂಟ್ ಬಂತು. ಆಮೇಲೆ ಬ್ಯಾಕಪ್ ಡಿಸ್ಕಿನ ವೈರ್ ಕೀಳಲು ಶೆಟ್ರಿಗೇ ಹೇಳಿದೆ. ಅವರು ಕಿತ್ತು, ಕೈ ಹಿಂದೆ ಕಟ್ಟಿ ನಿಂತರು. ಸ್ಕ್ರಿಪ್ಟ್ ಓಡಿಸಿದೆ. ಮೊದಲ ಸಾಲಿನಲ್ಲೇ ನಿಂತಿತು.

ಈಗ ಒಂದು ವರ್ಷ ಎರಡು ತಿಂಗಳಾಯಿತು. ಡೇಟಾಬೇಸ್ ಲೆಕ್ಕ ಹಾಕಿದಂತೆಯೇ ಬೆಳೆಯುತ್ತಿದೆ. ತಪ್ಪಿದ್ದು ಸ್ಕ್ಯಾನ್. ಹೊಸ ಸ್ಕ್ಯಾನರ್ ಬಂದ ಮೇಲೆ 500 ಕೆಬಿಯ ಪುಟ 2 ಎಂಬಿ ಆಗಿದೆ, ಯಾರೂ ನನಗೆ ಹೇಳಿರಲಿಲ್ಲ. ಕಳೆದ ವಾರ ಬೆಳಿಗ್ಗೆ 80ರ ಮೇಲ್ ಬಂದಾಗ ನಾನು ಥಾಣೆ ಸ್ಟೇಷನ್ ದಾಟಿದ್ದೆ, ಲೋಕಲ್‌ನಲ್ಲಿ ಒಂದು ಕೈ ಮೇಲಿನ ಹಿಡಿಗೆ, ಒಂದು ಕೈಯಲ್ಲಿ ಮೊಬೈಲ್. ಘಾಟ್‌ಕೋಪರ್ ಬರುವಷ್ಟರಲ್ಲಿ ಲಾಗಿನ್ ಆಗಿ /ಎಸ್‌ಆರ್‌ವಿಗೆ 50 ಜಿಬಿ ಕೂಡಿಸಿದೆ. ಶೆಟ್ರಿಗೆ ಇದು ಗೊತ್ತೇ ಇಲ್ಲ. ಸ್ಕ್ಯಾನರಿನ ಸೆಟ್ಟಿಂಗ್ ಇಳಿಸಲು ಮಾತ್ರ ಭಾನುವಾರ ಮಾಟುಂಗಾಕ್ಕೆ ಹೋಗಬೇಕು.